ಶಾಲೆಯಂಗಳದ ಸಸ್ಯವನ: ಗಡಿನಾಡಿನ ಹೊರತರಗತಿ

ಆಯಾ ಸೀಮೆಯ ಸಹಜ ಗಿಡಮರಗಳನ್ನು ಶಾಲೆಯ ಆವರಣದಲ್ಲಿ ಬೆಳೆಸಿ, ಅವುಗಳನ್ನು ಆಶ್ರಯಿಸುವ ಚಿಟ್ಟೆ, ಜೇನು, ಹಕ್ಕಿಗಳ ಸಹಿತ ಪಾಠಕ್ಕೆ ಬಳಸುವ ತೋಟವೇ ಸ್ಥಳೀಯ ಸಸ್ಯವನ. ಅಲಂಕಾರದ ಹೂದೋಟದಲ್ಲಿ ಎಲೆ ತಿನ್ನುವ ಹುಳು ಶತ್ರು. ಇಲ್ಲಿ ಅದೇ ಪಾಠದ ವಸ್ತು.

ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಸೀಮೆ ತುಂಗಭದ್ರೆಯ ದಂಡೆಯಲ್ಲಿದ್ದರೂ ಮಳೆ ಕಡಿಮೆಯ ಪ್ರದೇಶ. ಇಲ್ಲಿಂದ ಆದೋನಿ, ಆಲೂರಿನವರೆಗೆ ಪಾಳುಬಿದ್ದ ನೆಲವನ್ನೆಲ್ಲ ಬಳ್ಳಾರಿ ಜಾಲಿ ಆವರಿಸುತ್ತಿದೆ. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಅದು 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಗಿಡ. ಅದರ ಪೊದೆಯಡಿ ನಮ್ಮ ಗಿಡಗಳು ಏಳುವುದು ಕಷ್ಟ.

ಈ ನೆಲಕ್ಕೆ ಒಗ್ಗುವ ಗಿಡಗಳು ಬೇವು, ಹೊಂಗೆ, ಬನ್ನಿ, ಕರಿಜಾಲಿ, ಬೋರೆ, ತಂಗಡಿ ಮತ್ತು ಎಕ್ಕ. ಎಕ್ಕದ ಎಲೆಯ ಮೇಲೆ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆಯಿಡುತ್ತದೆ. ಮೊಟ್ಟೆ, ಕಂಬಳಿಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಹಂತಗಳನ್ನೂ ಮಕ್ಕಳು ಕಣ್ಣಾರೆ ಕಾಣಬಹುದು. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿಯಾದುದರಿಂದ ಮುಟ್ಟದೆ ನೋಡುವುದನ್ನು ಮೊದಲು ಕಲಿಸತಕ್ಕದ್ದು. ಹೊಂಗೆಯ ಬೇರಿನ ಗಂಟುಗಳು ಸಾರಜನಕ ಸ್ಥಿರೀಕರಣದ ಪಾಠಕ್ಕೆ ಒದಗುತ್ತವೆ.

ಮುಂಗಾರಿನ ಮೊದಲ ಹದಮಳೆಗೇ ಸಸಿ ನೆಡಬೇಕು. ಏಪ್ರಿಲ್ ಕೊನೆಯಲ್ಲಿ ಶಾಲೆ ಮುಚ್ಚಿದರೆ ಜೂನ್‌ವರೆಗೆ ನೀರೆರೆಯುವವರಿಲ್ಲ. ಅಷ್ಟರಲ್ಲಿ ಬೇರು ಆಳಕ್ಕಿಳಿದಿರಬೇಕು. ಆಡುಗಳಿಂದ ರಕ್ಷಣೆಗೆ ಬಳ್ಳಾರಿ ಜಾಲಿಯ ಒಣ ಮುಳ್ಳೇ ಸಾಕು. ಕಾಯಿರುವ ಕೊಂಬೆ ಮಾತ್ರ ಬೇಡ, ಬೀಜ ಹರಡುತ್ತದೆ.

ಗಡಿನಾಡಿನಲ್ಲಿ ಈ ವನಕ್ಕೆ ಇನ್ನೊಂದು ಪ್ರಯೋಜನವಿದೆ. ಆದೋನಿ, ಆಲೂರು ತಾಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಪಠ್ಯಪುಸ್ತಕದ ಕನ್ನಡವೊಂದರಿಂದಲೇ ಊರಿನ ಕನ್ನಡ ಉಳಿಯದು. ಕನ್ನಡದ ಮಗುವೂ ಹೊಂಗೆಯನ್ನು ಕಾನುಗ, ಎಕ್ಕವನ್ನು ಜಿಲ್ಲೇಡು, ಬನ್ನಿಯನ್ನು ಜಮ್ಮಿ ಎಂದಷ್ಟೇ ಅರಿತಿರುವುದನ್ನು ನಾವು ಕಾಣುತ್ತೇವೆ. ತೆಲುಗು ಹೆಸರು ತಿಳಿದಿರುವುದು ಲಾಭವೇ; ಕನ್ನಡದ್ದು ಮರೆಯುವುದು ನಷ್ಟ. ಆದ್ದರಿಂದ ಪ್ರತಿ ಗಿಡದ ಬಳಿ ಎರಡೂ ಲಿಪಿಗಳಲ್ಲಿ ಫಲಕವಿರಲಿ. ಹೆಸರುಗಳನ್ನು ಮಕ್ಕಳೇ ಮನೆಯ ಹಿರಿಯರನ್ನು ಕೇಳಿ ಬರೆದು ತರಲಿ. ಊರಿಂದೂರಿಗೆ ಬದಲಾಗುವ ಹೆಸರುಗಳೂ ಅದರಲ್ಲಿ ಸೇರಲಿ.

ಹತ್ತು ಗಿಡ, ಒಂದು ನೋಟುಬುಕ್ಕು ಇದ್ದರೆ ಆರಂಭಕ್ಕೆ ಸಾಕು. ಯಾವ ಗಿಡ ಎಂದು ಚಿಗುರಿತು, ಎಂದು ಹೂಬಿಟ್ಟಿತು, ಯಾವ ಹಕ್ಕಿ ಬಂದಿತು ಎಂಬುದನ್ನು ವಾರಕ್ಕೊಮ್ಮೆ ಮಕ್ಕಳು ಕನ್ನಡದಲ್ಲಿ ಬರೆಯಲಿ. ಒಂದು ತರಗತಿ ಬರೆದುದನ್ನು ಮುಂದಿನ ವರ್ಷದ ತರಗತಿ ಓದಿ ಮುಂದುವರಿಸಲಿ.