ಪುಟ್ಟ ಪೆಟ್ಟಿಗೆಯ ಯಜಮಾನಿಕೆ

ಆಟಕ್ಕೆಂದು ಕಂಪ್ಯೂಟರ್ ಕಟ್ಟಿಕೊಳ್ಳುವವರು ಮೊದಲು ಪ್ರೊಸೆಸರನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಆರಿಸಿ, ಅವೆಲ್ಲ ಹಿಡಿಸುವ ಪೆಟ್ಟಿಗೆಯನ್ನು ಕೊನೆಗೆ ಕೊಳ್ಳುವುದು ವಾಡಿಕೆ. ಮೇಜಿನ ಮೂಲೆಯಲ್ಲಿ ಅಡಗುವ ಪುಟ್ಟ ಯಂತ್ರವೇ ಬೇಕೆಂದಾಗ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಪೆಟ್ಟಿಗೆಯೇ ಯಜಮಾನ. ಉಳಿದ ಭಾಗಗಳು ಅದರ ಅಪ್ಪಣೆಯಂತೆ ನಡೆಯಬೇಕು. ಈ ಯಜಮಾನಿಕೆಯ ಹಿಂದೆ ಸ್ವಾರಸ್ಯವಾದ ಚರಿತ್ರೆಯೊಂದುಂಟು.

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಅದರ ಮದರ್‌ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಏಳು ಕಾರ್ಡುಗಳಿಗೆ ಸ್ಥಳ. ಧ್ವನಿಗೊಂದು, ಮೋಡೆಮ್ಮಿಗೊಂದು, ಜಾಲಕ್ಕೊಂದು ಎಂದು ಕಾರ್ಡು ಸಿಕ್ಕಿಸುತ್ತಿದ್ದ ಆ ಕಾಲಕ್ಕೆ ಅಷ್ಟು ಜಾಗ ಬೇಕಾಗಿಯೂ ಇತ್ತು. ಬರಬರುತ್ತ ಅವುಗಳಲ್ಲಿ ಬಹುಪಾಲು ಮದರ್‌ಬೋರ್ಡಿನಲ್ಲೇ ಕರಗಿಹೋದವು. ಒಕ್ಕಲು ಖಾಲಿಯಾದರೂ ಮನೆ ಮಾತ್ರ ಚಿಕ್ಕದಾಗಲಿಲ್ಲ.

2001ರಲ್ಲಿ ತೈವಾನಿನ ವಿಯಾ ಕಂಪನಿ 17 ಸೆಂ.ಮೀ. ಚೌಕದ ಮಿನಿ-ಐಟಿಎಕ್ಸ್ ಮಾದರಿಯನ್ನು ಮುಂದಿಟ್ಟಿತು. ಅದು ಆಟಗಾರರಿಗಾಗಿ ಹುಟ್ಟಿದ್ದಲ್ಲ. ಅಲ್ಪ ವಿದ್ಯುತ್ತಿನಲ್ಲಿ ಸದ್ದಿಲ್ಲದೆ ದುಡಿಯುವ ಸಾಧು ಯಂತ್ರಗಳಿಗಾಗಿ ಹುಟ್ಟಿದ್ದು. ಅದನ್ನು ರಣರಂಗಕ್ಕೆ ಎಳೆತಂದವರು ಹವ್ಯಾಸಿಗಳು. 2013ರಲ್ಲಿ ಎನ್‌ಕೇಸ್ ಎಂ1 ಎಂಬ ಪೆಟ್ಟಿಗೆ ಜನರ ಮುಂಗಡ ಹಣದಿಂದಲೇ ತಯಾರಾಯಿತು. ಅದರ ಹಿಂದೆಯೇ ಬಂದ ಡ್ಯಾನ್ ಎ4 ಕೇವಲ 7.2 ಲೀಟರಿನದು: ಒಂದು ಸಣ್ಣ ಬಿಂದಿಗೆಯಷ್ಟು! ಕಾರ್ಡನ್ನು ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಪಟ್ಟಿಯಂಥ ತಂತಿಯಿಂದ ಎರಡನ್ನೂ ಜೋಡಿಸಿದ ಉಪಾಯ ಅದರದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಜಾಣತನದ ತಿರುವು ಇದೇ.

ಆದರೆ ಪೆಟ್ಟಿಗೆ ಕುಗ್ಗುತ್ತಿರುವಾಗಲೇ ಕಾರ್ಡು ಬೆಳೆಯುತ್ತಿತ್ತು. 2016ರ ಜಿಟಿಎಕ್ಸ್ 1080 ಬಯಸುತ್ತಿದ್ದುದು 180 ವಾಟ್. 2022ರ ಆರ್‌ಟಿಎಕ್ಸ್ 4090ಕ್ಕೆ 450 ವಾಟ್ ಬೇಕು. ಎನ್ವಿಡಿಯಾ ತಾನೇ ತಯಾರಿಸಿದ ಮಾದರಿಯ ಉದ್ದ 304 ಮಿ.ಮೀ. ಹಳೆಯ ಇಡೀ ಮದರ್‌ಬೋರ್ಡಿನಷ್ಟು ಉದ್ದ ಈಗ ಒಂದು ಕಾರ್ಡಿಗೇ! ಡ್ಯಾನ್ ಎ4ರಲ್ಲಿ ಹಿಡಿಸುವುದು 295 ಮಿ.ಮೀ. ಮಾತ್ರ.

ಆದ್ದರಿಂದ ಆಯ್ಕೆಗೆ ಕೂತರೆ ನಾನು ಮೊದಲು ಹಿಡಿಯುವುದು ಅಳತೆಯ ಪಟ್ಟಿ. ಪೆಟ್ಟಿಗೆ ಗೊತ್ತಾದ ಮೇಲೆ ಕಾರ್ಡಿನ ಉದ್ದ, ದಪ್ಪ. ಬಳಿಕ ಎಸ್‌ಎಫ್‌ಎಕ್ಸ್ ಅಳತೆಯ ವಿದ್ಯುತ್ ಘಟಕ. ಕೂಲರಿಗೆ ಡ್ಯಾನ್ ಎ4 ಬಿಡುವ ಎತ್ತರ 48 ಮಿ.ಮೀ. ಅಷ್ಟರೊಳಗೆ ತಣಿಯಬಲ್ಲ 65 ವಾಟಿನ ಪ್ರೊಸೆಸರೇ ಲೇಸು. ಬಿಸಿಲೂರಿನವರಿಗಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ. ಮಿನಿ-ಐಟಿಎಕ್ಸ್ ಬೋರ್ಡಿನಲ್ಲಿ ಮೆಮೊರಿಗೆ ಸಾಮಾನ್ಯವಾಗಿ ಎರಡೇ ಗೂಡು. ಆಮೇಲೆ ಸೇರಿಸೋಣವೆಂದು ಚೌಕಾಸಿ ಮಾಡುವಂತಿಲ್ಲ. ಚಿಕ್ಕದಕ್ಕೆ ದೊಡ್ಡ ಬೆಲೆ ತೆರಬೇಕಾದ ವಿಚಿತ್ರ ಪೇಟೆ ಇದು.

2024ರಲ್ಲಿ ಎನ್ವಿಡಿಯಾ ಕಂಪನಿ ಪುಟ್ಟ ಪೆಟ್ಟಿಗೆಗೆ ತಕ್ಕ ಕಾರ್ಡಿನ ಮಿತಿಯನ್ನು ಸಾರಿತು: 304 ಮಿ.ಮೀ. ಉದ್ದ, 151 ಮಿ.ಮೀ. ಎತ್ತರ, 50 ಮಿ.ಮೀ. ದಪ್ಪ. ಹಾಸಿಗೆ ಇದ್ದಷ್ಟು ಕಾಲು ಚಾಚೆನ್ನುವುದು ನಮ್ಮ ಗಾದೆ. ಇವರು ಕಾಲಿನ ಉದ್ದ ಹೇಳಿ ಹಾಸಿಗೆ ಹೊಲಿಸಿಕೊಳ್ಳಿ ಎಂದರು.