ಗೊಣಗದ ಫಾತಿಮಾ: ಸಾವಿತ್ರಿಬಾಯಿ ಫುಲೆಯವರ 1856ರ ಪತ್ರದ ಒಂದು ವಾಕ್ಯ

ಊರೂರು ತಿರುಗುವ ಗಂಡ ಜೋತಿಬಾ, ಪುಣೆಯ ಮನೆಯಲ್ಲಿ ಕೂತು ಅವರಿಗೆ ಮನೆವಾರ್ತೆ ಬರೆಯುವ ಸಾವಿತ್ರಿ: ಸಭೆಗಳಲ್ಲಿ ಈ ಚಿತ್ರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪತ್ರಗಳನ್ನು ಒಮ್ಮೆ ಓದಿದವರು ಹೀಗೆ ಹೇಳಲಾರರು. ನಮಗೆ ಉಳಿದಿರುವ ಮೂರರಲ್ಲಿ ಎರಡು, 1856ರ ಅಕ್ಟೋಬರ್ 10ರದ್ದು ಮತ್ತು 1868ರ ಆಗಸ್ಟ್ 29ರದ್ದು, ಸಾವಿತ್ರಿ ತವರೂರು ನಾಯಗಾಂವ್‌ನಲ್ಲಿದ್ದಾಗ ಬರೆದವು. ಮೂರನೆಯದು, 1877ರ ಏಪ್ರಿಲ್ 20ರದ್ದು, ಬರಗಾಲದ ಕೆಲಸಕ್ಕೆ ಜುನ್ನರ ಸೀಮೆಗೆ ಹೋಗಿದ್ದಾಗಿನದು. ಮನೆ ಬಿಟ್ಟು ಹೊರಗಿದ್ದವಳು ಹೆಂಡತಿ. ಪುಣೆಯಲ್ಲಿ ಓಲೆ ಕಾಯುತ್ತಿದ್ದವನು ಗಂಡ.

ಇಷ್ಟು ತಿದ್ದುವುದಕ್ಕೆ ಲೇಖನ ಬೇಕಿರಲಿಲ್ಲ. ಆದರೆ ಈ ತಪ್ಪಿನ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಬಂದಿದೆ. 2025ರ ಜನವರಿಯಲ್ಲಿ ಹಿಂದಿಯ ಲೇಖಕರೊಬ್ಬರು, ಸಾವಿತ್ರಿಯ ಜೊತೆ ಶಾಲೆಯಲ್ಲಿ ಪಾಠ ಹೇಳಿದಳೆನ್ನುವ ಫಾತಿಮಾ ಶೇಖ್ ಎಂಬ ಹೆಂಗಸು ಇರಲೇ ಇಲ್ಲ, ಆ ಹೆಸರನ್ನು ತಾವೇ ಹುಟ್ಟುಹಾಕಿದ್ದು ಎಂದು ಸಾರಿದರು. ಆಗ ಎದ್ದ ಗದ್ದಲದಲ್ಲಿ 1856ರ ಪತ್ರವನ್ನು ಎಲ್ಲರೂ ಎತ್ತಿ ತೋರಿಸಿದರು. ಕೂತು ಓದಿದವರು ಕಡಿಮೆ.

ಮಾ. ಗೋ. ಮಾಳಿ ಸಂಪಾದಿಸಿದ ಸಾವಿತ್ರಿಬಾಯಿಯವರ ಸಮಗ್ರ ವಾಙ್ಮಯವನ್ನು ಮಹಾರಾಷ್ಟ್ರದ ಸಾಹಿತ್ಯ ಮತ್ತು ಸಂಸ್ಕೃತಿ ಮಂಡಳಿ 1988ರಲ್ಲಿ ಪ್ರಕಟಿಸಿತು. ಪತ್ರ ಅದರಲ್ಲಿದೆ, ಫಾತಿಮಾಳ ಹೆಸರೂ ಇದೆ. ಅಲ್ಲಿಗೆ ‘ನಾನೇ ಕಟ್ಟಿದೆ’ ಎಂಬ ಮಾತು ಬಿದ್ದುಹೋಯಿತು. (ಮಾಳಿಯವರ ಶ್ರಮದ ಮೇಲೆ ನಿಂತು ಮಾತಾಡುವ ನಾವೆಲ್ಲ ಅವರ ಹೆಸರು ಹೇಳಲು ಜಿಪುಣತನ ತೋರುವುದು ನನಗೆ ಹಿಡಿಸದು.) ನನಗೆ ಬೇಕಾದದ್ದು ಮುಂದಿನ ಪ್ರಶ್ನೆ: ಆ ಹೆಸರು ಪತ್ರದಲ್ಲಿ ಎಲ್ಲಿ ಬರುತ್ತದೆ, ಏಕೆ ಬರುತ್ತದೆ?

ಪತ್ರದ ನಡುಭಾಗ ಪ್ರಸಿದ್ಧ. ಮಹಾರ್-ಮಾಂಗರ ಸೇವೆ ಮಾಡಿ ಗಂಡಹೆಂಡಿರು ಜಾತಿಗೆ ಹೊರಗಾದಿರಲ್ಲ ಎಂದು ತಮ್ಮ ಹಂಗಿಸುತ್ತಾನೆ. ಆಡು-ಹಸುಗಳನ್ನು ಮುದ್ದಿಸುವ, ನಾಗರಪಂಚಮಿಗೆ ಹಾವಿಗೆ ಹಾಲೆರೆಯುವ ನಿನಗೆ ಮನುಷ್ಯರು ಮುಟ್ಟಬಾರದವರಾದರೇ ಎಂದು ಅಕ್ಕ ತಿರುಗಿ ಕೇಳುತ್ತಾಳೆ. ಓದುಗರೆಲ್ಲ ಇಲ್ಲಿಗೇ ಜಿಗಿಯುತ್ತಾರೆ. ಅದಕ್ಕೆ ಮೊದಲಿನ ನಾಲ್ಕಾರು ಸಾಲು ಕ್ಷೇಮಸಮಾಚಾರ, ಪೀಠಿಕೆ ಎಂದು ಬದಿಗೆ ಬೀಳುತ್ತವೆ. ಫಾತಿಮಾ ಇರುವುದು ಆ ಸಾಲುಗಳಲ್ಲಿ.

ಅವುಗಳ ಕ್ರಮ ನೋಡಿ. ಕಾಯಿಲೆ ಇಳಿದಿದೆ; ತಮ್ಮ ಚೆನ್ನಾಗಿ ಆರೈಕೆ ಮಾಡಿದ; ಪೂರಾ ಗುಣವಾದ ಕೂಡಲೇ ಪುಣೆಗೆ ಬರುತ್ತೇನೆ; ಚಿಂತೆ ಬೇಡ; ಫಾತಿಮಾಗೆ ತೊಂದರೆಯಾಗುತ್ತಿರಬೇಕು, ಆದರೆ ಅವಳು ಗೊಣಗುವವಳಲ್ಲ. ಇಷ್ಟೇ. ಯಾವ ಫಾತಿಮಾ ಎಂಬ ವಿವರಣೆಯಿಲ್ಲ, ಮನೆತನದ ಹೆಸರಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಒಬ್ಬ ವೀರವನಿತೆಯನ್ನು ತುರುಕಬೇಕೆಂದು ಯಾರಾದರೂ ಈ ಸಾಲು ಸೇರಿಸಿದ್ದರೆ ಇಷ್ಟಕ್ಕೇ ಕೈ ಬಿಡುತ್ತಿದ್ದರೆ? ಓದುವ ಗಂಡನಿಗೆ ಫಾತಿಮಾ ಯಾರೆಂದು ಗೊತ್ತು, ಅದಕ್ಕೇ ಬರೆದವಳು ಹೇಳಲಿಲ್ಲ.

ಅವಳು ಮನೆಗೆಲಸದವಳಿರಬಹುದಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಇಲ್ಲಿ ನಮ್ಮ ಸಿದ್ಧಾಪುರ ಸೀಮೆಯ ಬಿಳಗಿಯ ಕಡೆ ತವರಿಗೆ ಹೋದ ಸೊಸೆ, ‘ಪಾಪ, ಅವಳಿಗೆ ಎಲ್ಲ ಮೈಮೇಲೆ ಬಿತ್ತು’ ಎಂದರೆ ತನ್ನ ಪಾಲಿನ ಕೆಲಸ ಹೊತ್ತ ಓರಗಿತ್ತಿಯನ್ನೋ ನಾದಿನಿಯನ್ನೋ ಕುರಿತು ಹೇಳುತ್ತಾಳೆ. ಕೂಲಿಯವಳ ಬಗ್ಗೆ ಆ ಅಳುಕು ಇರುವುದಿಲ್ಲ. ಈ ಹೋಲಿಕೆಯೇ ಪುರಾವೆಯಲ್ಲ, ಒಪ್ಪುತ್ತೇನೆ. ಪುರಾವೆ ವಾಕ್ಯದ ಜಾಗದಲ್ಲಿದೆ. ಫಾತಿಮಾಳ ತೊಂದರೆಗೆ ಕಾರಣ ಸಾವಿತ್ರಿ ಪುಣೆಯಲ್ಲಿ ಇಲ್ಲದಿರುವುದು. ಹಾಗಾದರೆ ಅವಳು ಹೊತ್ತದ್ದು ಸಾವಿತ್ರಿಯ ಕೆಲಸ. ಆ ಕೆಲಸ ಯಾವುದು? ತಮ್ಮನ ಹಂಗಿನ ಮಾತೂ ಅಕ್ಕನ ಉತ್ತರವೂ ಅದೇ ಪತ್ರದಲ್ಲಿ ಹೇಳುತ್ತವೆ: ಹೆಂಗಸರಿಗೆ, ಮಹಾರ್-ಮಾಂಗರಿಗೆ ಅಕ್ಷರ ಕಲಿಸುವುದು. 1848ರಿಂದ ಶಾಲೆ ನಡೆಸಿದವಳ ಅಡುಗೆಮನೆಯನ್ನೂ ಪಾಠದ ಕೋಣೆಯನ್ನೂ ಬೇರೆಬೇರೆ ಲೆಕ್ಕಕ್ಕೆ ಬರೆಯುವುದು ನಮ್ಮ ಕಾಲದ ಚಟ.

ಇನ್ನು ಫಾತಿಮಾ ಇದ್ದಳೆಂದು ವಾದಿಸುವ ಎದುರು ಪಕ್ಷದ ಗೆಳೆಯರಿಗೆ. (ನನ್ನ ಒಲವು ಅವರ ಕಡೆಗೇ; ಬೇಸರವೂ ಅವರ ಮೇಲೆಯೇ ಹೆಚ್ಚು.) ಪತ್ರದಲ್ಲಿ ‘ಶೇಖ್’ ಇಲ್ಲ. 1849ರಲ್ಲಿ ಮನೆ ಬಿಟ್ಟ ದಂಪತಿಗೆ ಆಸರೆ ಕೊಟ್ಟ ಉಸ್ಮಾನ್ ಶೇಖರ ಹೆಸರೂ ಇಲ್ಲ. ಫಾತಿಮಾ ಅವರ ತಂಗಿ ಎನ್ನುವುದು ಬೇರೆ ದಾರಿಯಿಂದ ಬಂದ ಮಾತು. ಅದನ್ನು ಈ ವಾಕ್ಯದ ತಲೆಗೆ ಕಟ್ಟಬಾರದು. 1831ರ ಜನವರಿ 9 ಎಂಬ ಜನ್ಮದಿನವಂತೂ ನನಗೆ ನುಂಗಲಾಗದ ತುತ್ತು. ಸಾವಿತ್ರಿಬಾಯಿ ಹುಟ್ಟಿದ್ದು ಅದೇ ವರ್ಷದ ಜನವರಿ 3. ಅದೇ ತಿಂಗಳು, ಆರೇ ದಿನದ ಅಂತರ! ಜಯಂತಿಗೆ ತಾರೀಖು ಬೇಕೆನ್ನುವವರ ಅವಸರದಿಂದಲೇ ‘ಎಲ್ಲವೂ ಕಟ್ಟುಕತೆ’ ಎನ್ನುವವರಿಗೆ ಬಾಗಿಲು ತೆರೆದದ್ದು.

ಇನ್ನೊಂದು ಸಣ್ಣ ವಿಷಯ. ಸಾವಿತ್ರಿ ಗಂಡನನ್ನು ‘ಸತ್ಯರೂಪ’ ಎಂಬ ವಿಶೇಷಣ ಸೇರಿಸಿ, ಹೆಸರು ಹಿಡಿದೇ ಸಂಬೋಧಿಸುತ್ತಾಳೆ. ನಮ್ಮ ಘಟ್ಟದ ಮೇಲಿನ ಅಜ್ಜಿಯರು ಗಂಡನ ಹೆಸರು ಹೇಳಬೇಕಾಗಿ ಬಂದರೆ ಮಕ್ಕಳ ಕಡೆ ತೋರಿಸುತ್ತಿದ್ದರು. ಉಳಿದಂತೆ ಪತ್ರದ ಚೌಕಟ್ಟು ಹಳೆಯದೇ: ನಮಸ್ಕಾರ, ಆರೋಗ್ಯ, ಬರುವ ದಿನ, ಹಿಂದೆ ಉಳಿದವರ ಚಿಂತೆ. ಫಾತಿಮಾ ಬರುವುದು ಈ ಕೊನೆಯ ಮನೆಯಲ್ಲಿ, ಮನೆಯವರು ಬರುವ ಜಾಗದಲ್ಲಿ.

ಕೊನೆಗೆ 1868ರ ಪತ್ರ. ಅದರಲ್ಲಿ ಪಂಚಾಂಗ ಹೇಳುವ ಗಣೇಶ ಎಂಬ ಬ್ರಾಹ್ಮಣ ಯುವಕನನ್ನೂ, ಅವನಿಂದ ಬಸುರಾದ ಮಹಾರ್ ಹುಡುಗಿಯನ್ನೂ ಊರವರು ಕೊಲ್ಲಲು ಎಳೆದೊಯ್ಯುತ್ತಿದ್ದಾಗ ಸಾವಿತ್ರಿ ಓಡಿಹೋಗಿ, ಇಂಗ್ಲಿಷರ ಕಾನೂನಿನ ಭಯ ಹುಟ್ಟಿಸಿ ಬಿಡಿಸುತ್ತಾಳೆ. ಇಬ್ಬರನ್ನೂ ಪುಣೆಗೆ, ಗಂಡನ ಬಳಿಗೆ ಕಳಿಸುತ್ತಾಳೆ. ಈ ಸಲ ತೊಂದರೆ ಹೊರಬೇಕಾದವನು ಜೋತಿಬಾ. ಅವನು ಗೊಣಗುವವನಲ್ಲ ಎಂದು ಯಾರಿಗೂ ಭರವಸೆ ಕೊಡುವ ಅಗತ್ಯ ಅವಳಿಗೆ ಕಂಡಿಲ್ಲ. ಫಾತಿಮಾಳ ಹೆಸರು ಆ ಪತ್ರದಲ್ಲಿಲ್ಲ.