ಕುರಿ ತಿರುವುವ ನಾಯಿ, ಕುರಿ ಕಾಯುವ ನಾಯಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಕುರಿ ಸಾಕಣೆ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಸಾಲ, ಲಸಿಕೆ, ಉಣ್ಣೆಯ ವಿಚಾರ ಬಲ್ಲವರು ಬರೆಯುತ್ತಾರೆ. ನಾನು ನಮ್ಮ ರೊಪ್ಪದ ಬಾಗಿಲಲ್ಲಿ ಮಲಗುವ ನಾಯಿಯ ಬಗ್ಗೆ ಬರೆಯುತ್ತೇನೆ. ಅದಕ್ಕೆ ಕಾರಣವೂ ಉಂಟು. ಈಚೆಗೆ ನಮ್ಮ ಹುಡುಗರು ಕೇಳುತ್ತಾರೆ: "ಅಣ್ಣಾ, ಫಾರಿನ್ನಿನಲ್ಲಿ ಒಂದೇ ನಾಯಿ ನೂರಾರು ಕುರಿ ತಿರುವಿಕೊಂಡು ಬರ್ತದಂತೆ. ಅಂಥದ್ದೊಂದು ತಂದರೆ ಹಿಂಡು ಹೊಡೆಯೋದೂ ಆಯ್ತು, ತೋಳ ಕಾಯೋದೂ ಆಯ್ತು, ಅಲ್ವೆ?" ಅಲ್ಲ ಕಣಪ್ಪ. ಅವು ಎರಡು ಬೇರೆ ಕೆಲಸ, ಎರಡು ಬೇರೆ ನಾಯಿ. ಇದು ನಾನು ಹೇಳುವ ಮಾತಲ್ಲ, ಎರಡು ಸಾವಿರ ವರ್ಷದ ಚರಿತ್ರೆ ಹೇಳುವ ಮಾತು.

ಕ್ರಿಸ್ತಪೂರ್ವ 37ರಲ್ಲಿ ರೋಮ್ ದೇಶದ ವರ್ರೋ ಎಂಬ ಪಂಡಿತ ಬೇಸಾಯದ ಗ್ರಂಥ ಬರೆದ. ಅದರಲ್ಲಿ ಕುರಿ ಕಾಯುವ ನಾಯಿಯ ಮಾತು ವಿವರವಾಗಿಯೇ ಇದೆ. ನಾಯಿಯ ಕೊರಳಿಗೆ ಮೊಳೆ ಹೊಡೆದ ದಪ್ಪ ಚರ್ಮದ ಪಟ್ಟಿ ಕಟ್ಟಬೇಕು, ಒಳಗಡೆ ಮೆತ್ತನೆ ತೊಗಲು ಹೊಲಿಯಬೇಕು ಎನ್ನುತ್ತಾನೆ. ತೋಳ ಕಚ್ಚುವುದು ಕೊರಳಿಗೇ ಅಲ್ಲವೆ! ಅವನೇ ಒಂದು ಸಂಗತಿ ಹೇಳುತ್ತಾನೆ. ಒಬ್ಬ ಸಾಹುಕಾರ ದೂರದೂರಿನಲ್ಲಿ ಕುರಿಹಿಂಡನ್ನು ನಾಯಿಗಳ ಸಮೇತ ಕೊಂಡ. ಹಳೇ ಕುರುಬರು ಹಿಂಡನ್ನು ಹೊಸ ಕಾವಲಿಗೆ ತಲುಪಿಸಿ ಮನೆಗೆ ಹೋದರು. ಕೆಲವು ದಿನಕ್ಕೆ ನಾಯಿಗಳೂ ಬಹುದೂರ ನಡೆದು ಅವರ ಹತ್ತಿರಕ್ಕೇ ವಾಪಸ್ ಬಂದವಂತೆ! ದುಡ್ಡು ಕೊಟ್ಟು ನಾಯಿ ಕೊಳ್ಳಬಹುದು, ಅದರ ನಂಟು ಕೊಳ್ಳಲಾಗದು. ಮುಂದಿನ ಶತಮಾನದಲ್ಲಿ ಕೊಲುಮೆಲ್ಲ ಎಂಬವನು ಕುರಿ ಕಾಯುವ ನಾಯಿ ಬಿಳಿದಾಗಿರಲಿ ಎಂದ. ನಸುಕಿನಲ್ಲಿ ತೋಳ ಎಂದು ತಿಳಿದು ನಮ್ಮ ನಾಯಿಗೇ ಹೊಡೆಯಬಾರದಲ್ಲ!

ಬ್ರಿಟನ್ನಿನಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಅಲ್ಲಿ ತೋಳವನ್ನು ಪೂರ್ತಿ ಕೊಂದು ಮುಗಿಸಿದರು. ತೋಳ ಹೋದ ಮೇಲೆ ಕಾಯುವ ನಾಯಿಗೆ ಕೆಲಸವೇನು? ಗುಡ್ಡದ ಮೇಲೆ ಚೆದುರಿದ ಕುರಿ ಕೂಡಿಸುವ ಚುರುಕು ನಾಯಿಯೇ ಬೇಕಾಯಿತು. 1873ರಲ್ಲಿ ವೇಲ್ಸ್ ಸೀಮೆಯ ಬಾಲಾ ಊರಿನಲ್ಲಿ ಇಂಥ ನಾಯಿಗಳ ಪಂದ್ಯ ನಡೆಯಿತು. 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿಯ ಸಂತತಿಯೇ ಇಂದಿನ ಬಾರ್ಡರ್ ಕಾಲಿ ತಳಿ. ಟೀವಿಯಲ್ಲಿ ನಮ್ಮ ಹುಡುಗರು ನೋಡುವುದು ಇದನ್ನೇ. ಅದು ಬಗ್ಗಿ, ದಿಟ್ಟಿಸಿ, ಹೊಂಚಿ ಕುರಿಯನ್ನು ಸರಿಸುತ್ತದೆ. ಅದು ಬೇಟೆಯ ಬುದ್ಧಿಯೇ, ಕಚ್ಚಿ ಕೊಲ್ಲುವುದೊಂದನ್ನು ಬಿಡಿಸಿದ್ದಾರೆ ಅಷ್ಟೆ. ಅದಕ್ಕೇ ಕುರಿ ಅದಕ್ಕೆ ಹೆದರುತ್ತದೆ. ಹೆದರಿಸುವ ನಾಯಿಯನ್ನು ರಾತ್ರಿ ಕುರಿಯ ನಡುವೆ ಬಿಡಲಾದೀತೆ?

ಅಮೆರಿಕದವರಿಗೆ ಈ ಪಾಠ ತಡವಾಗಿ ತಿಳಿಯಿತು. ಅಲ್ಲಿ ಕೊಯೋಟಿ ಎಂಬ ಕಾಡುಪ್ರಾಣಿಯ ಕಾಟಕ್ಕೆ ವಿಷ ಇಡುತ್ತಿದ್ದರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ವಿಷ ಇಡುವುದಕ್ಕೆ ತಡೆ ಹಾಕಿದರು. ರೈತರು ಬೇರೆ ದಾರಿ ಹುಡುಕಬೇಕಾಯಿತು. 1970ರ ದಶಕದ ಕೊನೆಯಲ್ಲಿ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು ಇಟಲಿ, ತುರ್ಕಿ, ಯುಗೊಸ್ಲಾವಿಯಾ ಕಡೆಯ ಕಾವಲು ನಾಯಿ ತರಿಸಿ ರೈತರಿಗೆ ಕೊಟ್ಟು ನೋಡಿದರು. ಕಂಡದ್ದು ಇಷ್ಟು: ಎರಡು ತಿಂಗಳ ಒಳಗಿನಿಂದಲೇ ಮರಿಯನ್ನು ಕುರಿಯ ಜೊತೆ ಬೆಳೆಸಿದರೆ ಅದು ಹಿಂಡನ್ನೇ ತನ್ನ ಬಳಗ ಎಂದುಕೊಳ್ಳುತ್ತದೆ. ಮುಂದೆ 1994ರಿಂದ ಆಫ್ರಿಕಾದ ನಮೀಬಿಯಾದಲ್ಲೂ ಚೀತಾ ಕಾಟಕ್ಕೆ ತುರ್ಕಿ ತಳಿಯ ನಾಯಿಗಳನ್ನು ರೈತರಿಗೆ ಕೊಡುತ್ತ ಬಂದರು.

ಹಾಗಾದರೆ ಎರಡೂ ಒಂದೇ ಕಡೆ ಇರಬಾರದೆ? ಇರಬಹುದು. ತಿರುವುವ ನಾಯಿ ಯಜಮಾನನ ಸೀಟಿಗೆ ಕೆಲಸ ಮಾಡಿ ಸಂಜೆ ಅವನ ಹಿಂದೆ ಮನೆಗೆ ಹೋಗಬೇಕು. ಕಾಯುವ ನಾಯಿ ಹಿಂಡಿನಲ್ಲೇ ಉಳಿಯಬೇಕು. ಎರಡಕ್ಕೂ ಮೊದಲೇ ಪರಿಚಯ ಮಾಡಿಸದಿದ್ದರೆ ಕುರಿ ಓಡಿಸುವ ನಾಯಿಯ ಮೇಲೇ ಕಾವಲು ನಾಯಿ ಬಿದ್ದೀತು. ಇನ್ನು ಕಾವಲಿನ ಮರಿ ಅದರ ಜೊತೆ ಆಡುತ್ತ ಬೆಳೆದರೆ ಕುರಿಮರಿ ಅಟ್ಟುವುದನ್ನು ಕಲಿಯುತ್ತದೆ.

ನಮ್ಮ ಕಡೆ ತಿರುವುವ ಕೆಲಸ ಕುರುಬನ ಕೂಗಿಗೂ ಕೋಲಿಗೂ ಸೇರಿದ್ದು. ನಾಯಿಗೆ ಕಾವಲು ಮಾತ್ರ. ಮುಧೋಳ ನಾಯಿಯೂ ಹೆಸರಾದದ್ದು ಓಡಿ ಹಿಡಿಯುವ ಬೇಟೆಗೆ. ವರ್ರೋ ಹೇಳಿದ ಕೆಲಸ ಮಾಡುತ್ತಿರುವುದು ಹೆಸರಿಲ್ಲದ ನಮ್ಮ ನಾಟಿ ನಾಯಿಯೇ. ಅದಕ್ಕೆ ನಾವು ಮಾಡುತ್ತಿರುವುದೇನು? ನಮ್ಮವರೇ ಒಬ್ಬರು ತೋಳಕ್ಕೆಂದು ಸತ್ತ ಕುರಿಗೆ ವಿಷ ಹಾಕಿಟ್ಟರು. ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿದ್ದವು ಅವರದೇ ಎರಡು ನಾಯಿ. ಮುಂದಿನ ವಾರ ತೋಳ ಬಂತು, ಬೊಗಳುವವರು ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ತೋಳ ಕೊಲ್ಲುವುದು ಅಪರಾಧವೂ ಹೌದು.

ಸದಸ್ಯ ಬಾಂಧವರಲ್ಲಿ ನನ್ನ ಅರಿಕೆ ಇಷ್ಟೆ. ವಿಷ ಇಡಬೇಡಿ. ಒಳ್ಳೆ ಕಾವಲು ನಾಯಿ ಈದಾಗ ಮರಿಯನ್ನು ಮನೆಯಂಗಳಕ್ಕೆ ಒಯ್ಯದೆ ರೊಪ್ಪದಲ್ಲೇ ಬೆಳೆಸಿ. ಕುರಿಗೆ ಲಸಿಕೆ ಹಾಕಿಸುವ ದಿನ ನಾಯಿಗೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವ ಏರ್ಪಾಡನ್ನು ಸಂಘ ಮಾಡಲಿ. ಆಡಳಿತ ಮಂಡಳಿಯ ಮುಂದೆ ಈ ಮಾತನ್ನು ನಾನೇ ಇಡುತ್ತೇನೆ. ಅದಕ್ಕೆ ಷೇರು ಇಲ್ಲ, ಓಟು ಇಲ್ಲ. ಆದರೂ ನಮ್ಮ ಬದುಕನ್ನು ರಾತ್ರಿಯೆಲ್ಲಾ ಕಾಯುವ ಸದಸ್ಯ ಅದೇ.